ಅಕ್ಕಯ್ಯಮ್ಮ ಓದಿದ ಹನ್ನೆರಡು ಸೆಲ್ಲುಗಳು

ಎಂಬತ್ತೇಳನೇ ಇಸವಿ ಜೂನ್ ತಿಂಗಳಲ್ಲಿ ನಾನು ಬೈರಯ್ಯನವರ ಕೆಲಸ ಕಳೆದೆ. ಕಳೆಯಬೇಕೆಂದು ಹೋದವನಲ್ಲ. ಒಂದು ಹೊಸ ಮೀಟರು ಕೂರಿಸಿ ಬರಲು ಹೋಗಿದ್ದೆ.

ನನ್ನ ಹೆಸರು ಶಂಭುಲಿಂಗಪ್ಪ. ಆಗ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಶೆಡ್ಡಿನಲ್ಲಿ ಮೀಟರುಗಳನ್ನು ಜೋಡಿಸುತ್ತಿದ್ದೆ. ಕೆಂಗೇರಿ ದಾಟಿ ಎರಡು ಮೈಲಿ ಆಚೆ ಒಂದು ಟ್ರಸ್ಟಿನವರ ಹೆರಿಗೆ ಆಸ್ಪತ್ರೆಯಿತ್ತು. ಕರೆಂಟಿನ ಕಂಬಗಳು ಊರಿನ ತನಕ ಬಂದು ನಿಂತಿದ್ದವು. ಆಸ್ಪತ್ರೆ ಇದ್ದದ್ದು ಬಂಡೆಗುಡ್ಡದ ಮಗ್ಗುಲಲ್ಲಿ. ಹಾಗಾಗಿ ದೆಹಲಿಯ ಒಂದು ಯೋಜನೆಯಡಿ ಎಂಬತ್ತೊಂದರಲ್ಲೇ ಅದರ ತಾರಸಿಯ ಮೇಲೆ ಸೋಲಾರ್ ಹಲಗೆಗಳನ್ನು ಹಾಕಿದ್ದರು. ಬಿಸಿಲಿನಿಂದ ಬಂದ ಕರೆಂಟು ಹಿಂದಿನ ಕೋಣೆಯ ಹನ್ನೆರಡು ದೊಡ್ಡ ಬ್ಯಾಟರಿ ಸೆಲ್ಲುಗಳಲ್ಲಿ ತುಂಬಿಕೊಳ್ಳುತ್ತಿತ್ತು. ಹೆರಿಗೆ ಕೋಣೆಯ ದೀಪಗಳೂ ಲಸಿಕೆಯ ಸಣ್ಣ ಫ್ರಿಜ್ಜೂ ಅದರಿಂದಲೇ ನಡೆಯಬೇಕು.

ಆ ಸೆಲ್ಲುಗಳನ್ನು ನೋಡಿಕೊಳ್ಳುವ ಕೆಲಸ ಬೈರಯ್ಯನವರದು. ಗೋಡೆಯ ಮೇಲೆ ಮುಳ್ಳಿನ ಮೀಟರು ಒಂದಿತ್ತು, ಆದರೆ ಅದನ್ನು ನಂಬುವಂತಿರಲಿಲ್ಲ. ನಿಜ ಹೇಳುತ್ತಿದ್ದದ್ದು ಹೈಡ್ರೋಮೀಟರು. ರಬ್ಬರ್ ಬುರುಡೆಯಿರುವ ಗಾಜಿನ ಕೊಳವೆ ಅದು. ಬುರುಡೆ ಒತ್ತಿ ಬಿಟ್ಟರೆ ಸೆಲ್ಲಿನ ಆಸಿಡ್ಡು ಕೊಳವೆಗೆ ಏರುತ್ತದೆ, ಒಳಗಿನ ತೇಲು ಎದ್ದು ನಿಲ್ಲುತ್ತದೆ, ಆಸಿಡ್ಡಿನ ಮಟ್ಟಕ್ಕೆ ಯಾವ ಅಂಕಿ ಬಂತೋ ಅದೇ ಆ ಸೆಲ್ಲಿನ ಶಕ್ತಿ. ಸಾವಿರದ ಇನ್ನೂರ ನಲವತ್ತು ಬಂದರೆ ಚೆನ್ನಾಗಿದೆ ಎಂದು ಅರ್ಥ. ಬಾಯಲ್ಲಿ ಅದನ್ನು ಹನ್ನೆರಡು ನಲವತ್ತು ಎನ್ನುತ್ತಾರೆ. ದಿನಾ ಬೆಳಿಗ್ಗೆ ಹನ್ನೆರಡೂ ಸೆಲ್ಲಿನ ಅಂಕಿ ರಿಜಿಸ್ಟರಿಗೆ ಹೋಗಬೇಕಿತ್ತು.

ನಾನು ಕೂರಿಸಲು ಹೋದ ಹೊಸ ಪೆಟ್ಟಿಗೆಗೆ ಇದೆಲ್ಲ ಬೇಡ. ಎಷ್ಟು ಕರೆಂಟು ಒಳಗೆ ಬಂತು, ಎಷ್ಟು ಹೊರಗೆ ಹೋಯಿತು ಎಂದು ತಾನೇ ಲೆಕ್ಕ ಇಟ್ಟು, ಇನ್ನೆಷ್ಟು ಉಳಿದಿದೆ ಎಂಬುದನ್ನು ಕೆಂಪು ಅಂಕಿಗಳಲ್ಲಿ ತೋರಿಸುತ್ತಿತ್ತು. ತೀರಾ ಕಡಿಮೆಯಾದರೆ ಕೂಗುತ್ತಿತ್ತು. ಆದರೆ ಅದಕ್ಕೆ ಮೊದಲು ಈ ಸೆಲ್ಲುಗಳ ಸ್ವಭಾವ ಗೊತ್ತಾಗಬೇಕು. ಅದಕ್ಕಾಗಿ ಹಳೆಯ ರಿಜಿಸ್ಟರುಗಳನ್ನು ತರಿಸಿಕೊಂಡು ನನ್ನ ನೋಟ್‌ಬುಕ್ಕಿಗೆ ಅಂಕಿಗಳನ್ನು ಇಳಿಸಿಕೊಂಡೆ.

ಮೊದಲ ಎರಡು ವರ್ಷ ಅಂಕಿಗಳು ಇಂಗ್ಲಿಷಿನಲ್ಲಿದ್ದವು. ಎಂಬತ್ಮೂರರ ಮಧ್ಯದಿಂದ ಕನ್ನಡದ ಅಂಕಿಗಳು, ದುಂಡಗೆ, ಪೆನ್ನು ಒತ್ತಿ ಒತ್ತಿ ಬರೆದವು. ನಾಲ್ಕು ವರ್ಷಕ್ಕೆ ಹತ್ತಿರ ಒಂದು ದಿನವೂ ತಪ್ಪಿರಲಿಲ್ಲ. ಮೋಡದ ದಿನ ಇಳಿದದ್ದು, ಬಿಸಿಲಿನ ದಿನ ಏರಿದ್ದು, ಒಂಬತ್ತನೇ ಸೆಲ್ಲು ಯಾವಾಗಲೂ ಉಳಿದವಕ್ಕಿಂತ ಒಂದಿಷ್ಟು ಹಿಂದೆ ಬೀಳುತ್ತಿದ್ದದ್ದು, ಎಲ್ಲ ಅದರಲ್ಲಿತ್ತು. ಅಷ್ಟು ಚೊಕ್ಕ ರಿಜಿಸ್ಟರನ್ನು ನಾನು ಯಾವ ಕಾರ್ಖಾನೆಯಲ್ಲೂ ನೋಡಿರಲಿಲ್ಲ. ಅದು ಆ ವರ್ಷ ಫೆಬ್ರವರಿ ಹದಿಮೂರಕ್ಕೆ ನಿಂತಿತ್ತು. ಒಂಬತ್ತು ದಿನ ಖಾಲಿ. ಅಲ್ಲಿಂದ ಮುಂದೆ ಮತ್ತೆ ಇಂಗ್ಲಿಷಿನ ಅಂಕಿಗಳು, ಗೆರೆ ಬಿಟ್ಟು ಸೊಟ್ಟಗೆ ಹೋದವು: ದಿನಾ, ಹನ್ನೆರಡೂ ಸೆಲ್ಲಿಗೂ, 1240.

ನಾನು ಸೆಲ್ಲುಗಳನ್ನು ಅಳೆದು ನೋಡಿದೆ. ಯಾವುದೂ ಹನ್ನೆರಡು ನೂರು ದಾಟಿರಲಿಲ್ಲ. ಒಂಬತ್ತನೆಯದು ಸಾಯುವ ಹಂತದಲ್ಲಿತ್ತು. ವಿಚಿತ್ರವೆಂದರೆ ಹನ್ನೆರಡರಲ್ಲೂ ನೀರು ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲದೆ ಸರಿಯಾದ ಮಟ್ಟಕ್ಕಿತ್ತು. ಸೋಮಾರಿಯಾದವನು ಹಾಗೆ ನೀರು ಹಾಕಿ ಕಾಪಾಡುವುದಿಲ್ಲ. ಅದನ್ನು ನಾನು ಕಂಡೆ, ಆದರೆ ಯೋಚಿಸಲಿಲ್ಲ.

ಅಷ್ಟರಲ್ಲಿ ಟ್ರಸ್ಟಿನ ಕಾರ್ಯದರ್ಶಿ ಏಕಾಂತಯ್ಯ ಬಂದರು. ಅವರ ಎದುರಿಗೇ ಬೈರಯ್ಯನವರನ್ನು ಕರೆಸಿದೆ. ಐವತ್ತರ ಹತ್ತಿರದ ಸಣಕಲು ಮನುಷ್ಯ. ಎಡಗಣ್ಣು ಬೆಳ್ಳಗಾಗಿ ಮುಚ್ಚಿಕೊಂಡಿತ್ತು. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು.

"ನಾಲ್ಕು ತಿಂಗಳಿಂದ ಒಂದೇ ಅಂಕಿ ಬರೀತಾ ಇದೀರಲ್ಲ, ಸೆಲ್ ಹತ್ರ ಹೋಗಿ ನೋಡಿದೀರಾ, ಇಲ್ಲ ಹೊರಗೆ ಕೂತ್ಕೊಂಡೇ ಬರ್ದಿದೀರಾ?" ಎಂದೆ.

ರಿಜಿಸ್ಟರನ್ನು ಅವರ ಕಡೆಗೆ ತಿರುಗಿಸಿ ಹಿಡಿದೆ.

"ಒಳಗೆ ಹೆರಿಗೆ ಆಗ್ತಾ ಇರೋವಾಗ ದೀಪ ಹೋದ್ರೆ ಯಾರು ಜವಾಬ್ದಾರಿ? ನಾಲ್ಕು ವರ್ಷ ಅಷ್ಟು ಚೆನ್ನಾಗಿ ಬರ್ದೋರಿಗೆ ಈಗೇನಾಯ್ತು?"

"ತಪ್ಪಾಯ್ತು ಸಾರ್" ಎಂದರು ಬೈರಯ್ಯ.

ಏಕಾಂತಯ್ಯ ನನ್ನನ್ನು ಕೇಳಿದರು, "ಈ ಹೊಸ ಪೆಟ್ಟಿಗೆ ಬಂದ್ಮೇಲೆ ಇದಕ್ಕೆ ಅಂತ ಒಬ್ಬ ಆಳು ಬೇಕಾ?"

"ಬೇಕಾಗಲ್ಲ ಸಾರ್. ನರ್ಸ್ ದಿನಕ್ಕೊಂದು ಸಲ ನೋಡಿದ್ರೆ ಸಾಕು. ನೀರು ತಿಂಗಳಿಗೊಂದು ಸಲ ನಾವೇ ಬಂದು ಹಾಕ್ತೀವಿ" ಎಂದೆ. ನಮ್ಮ ಪೆಟ್ಟಿಗೆಯ ಬಗ್ಗೆ ನನಗೆ ಹೆಮ್ಮೆಯಿತ್ತು.

ಬೈರಯ್ಯ ತಮ್ಮ ಊಟದ ಡಬ್ಬಿ ತೆಗೆದುಕೊಂಡು ಹೋದರು. ಗೋಡೆ ಸವರಿಕೊಂಡು ಮೆಟ್ಟಿಲ ತನಕ ಹೋಗಿ, ಅಲ್ಲಿ ಕಾಲಿನಿಂದ ಮೆಟ್ಟಿಲು ಹುಡುಕಿ ಇಳಿದದ್ದನ್ನು ನಾನು ನೋಡುತ್ತಲೇ ಇದ್ದೆ.

ನರ್ಸ್ ವಿಮಲಮ್ಮ ಹೆರಿಗೆ ಕೋಣೆಯಿಂದ ಬಂದು ನನ್ನ ಎದುರು ನಿಂತರು. ಅವರ ಕಣ್ಣು ಕೆಂಪಾಗಿತ್ತು.

"ಅವರಿಗೆ ಕಣ್ಣು ಕಾಣಲ್ಲ ಸಾರ್" ಎಂದರು.

ಉಳಿದದ್ದನ್ನು ನನಗೆ ಹೇಳಿದವರು ಅವರೇ. ಬೈರಯ್ಯ ಸುಂಕದಕಟ್ಟೆಯವರು. ಚಿಕ್ಕ ವಯಸ್ಸಿಗೇ ಮಾಗಡಿ ರಸ್ತೆಯ ಒಂದು ಬ್ಯಾಟರಿ ಅಂಗಡಿಗೆ ಸೇರಿದವರು. ಅಲ್ಲಿ ಚಾರ್ಜಿಗಿಟ್ಟ ಲಾರಿ ಬ್ಯಾಟರಿಯೊಂದು ಕಿಡಿ ತಾಗಿ ಸಿಡಿದಾಗ ಎಡಗಣ್ಣು ಹೋಯಿತು. ಒಂದೇ ಕಣ್ಣಿನಲ್ಲಿ ಈ ಆಸ್ಪತ್ರೆಯ ಕೆಲಸಕ್ಕೆ ಬಂದರು. ಎರಡು ವರ್ಷಕ್ಕೆ ಬಲಗಣ್ಣೂ ಮಂಜಾಗತೊಡಗಿತು. ಬೆಳಕು, ನೆರಳು, ಮನುಷ್ಯರ ಆಕಾರ ಇಷ್ಟು ಉಳಿಯಿತು. ದೊಡ್ಡಾಸ್ಪತ್ರೆಯಲ್ಲಿ ಇನ್ನು ಮಾಡುವುದೇನೂ ಇಲ್ಲ ಎಂದರು.

ಆಗ ಅವರ ಹೆಂಡತಿ ಅಕ್ಕಯ್ಯಮ್ಮ ಜೊತೆಗೆ ಬರತೊಡಗಿದರು. ಮೂರನೇ ಕ್ಲಾಸಿನ ತನಕ ಓದಿದ ಹೆಂಗಸು. ಕೆಂಗೇರಿಯ ಬಾಡಿಗೆ ಕೋಣೆಯಿಂದ ದಿನಾ ಬೆಳಿಗ್ಗೆ ಗಂಡನ ಕೈ ಹಿಡಿದುಕೊಂಡು ನಡೆದು ಬರುವರು. ಮಕ್ಕಳಿಲ್ಲದ ಗಂಡಹೆಂಡಿರು, ಈ ವಯಸ್ಸಿನಲ್ಲೂ ಕೈ ಬಿಡುವುದಿಲ್ಲವೆಂದು ದಾರಿಯ ಜನ ನಗುತ್ತಿದ್ದರಂತೆ. ಬ್ಯಾಟರಿ ಕೋಣೆಯಲ್ಲಿ ಬೈರಯ್ಯ ಕೊಳವೆ ಇಳಿಸಿ ಬುರುಡೆ ಒತ್ತುವರು. ಅಕ್ಕಯ್ಯಮ್ಮ ಕುಕ್ಕರಗಾಲಲ್ಲಿ ಕೂತು, ಕಣ್ಣನ್ನು ಆಸಿಡ್ಡಿನ ಮಟ್ಟಕ್ಕೆ ತಂದು ಓದುವರು.

"ಒಂದನೇದು, ಹನ್ನೆರಡು ನಲವತ್ತು."

"ಹ್ಞೂಂ."

"ಎರಡು, ಹನ್ನೆರಡು ಮೂವತ್ತೈದು."

"ಹ್ಞೂಂ."

"ನಾನು ಮಗು ತೊಳೀತಾ ಕೇಳಿಸ್ಕೋತಿದ್ದೆ ಸಾರ್. ಮಗ್ಗಿ ಒಪ್ಪಿಸಿದ ಹಾಗೆ ಇರ್ತಿತ್ತು" ಎಂದರು ವಿಮಲಮ್ಮ. "ನಾನು ಯಾರಿಗೂ ಹೇಳ್ಲಿಲ್ಲ. ಕೆಲ್ಸ ಸರಿಯಾಗಿ ನಡೀತಿತ್ತಲ್ಲ."

"ಅಕ್ಕಯ್ಯಮ್ಮ ಈಗೆಲ್ಲಿ?"

"ಫೆಬ್ರವರೀಲಿ ಹೋಗ್ಬಿಟ್ರು. ಹೊಟ್ಟೇಲಿ ಕರುಳು ಊದಿತ್ತಂತೆ. ಎರಡು ದಿನ ನೋವು ಮುಚ್ಚಿಟ್ಕೊಂಡು ಇಲ್ಲಿಗೇ ಬಂದಿದಾರೆ. ನಾನೂ ಗಮನಿಸ್ಲಿಲ್ಲ, ಆ ಎರಡು ದಿನ ಹೆರಿಗೆ ಮೇಲೆ ಹೆರಿಗೆ. ಮೂರನೇ ದಿನ ದಾರೀಲಿ ಬಿದ್ರು. ದೊಡ್ಡಾಸ್ಪತ್ರೆಗೆ ಸೇರ್ಸೋ ಹೊತ್ತಿಗೆ ಒಳಗೇ ಒಡೆದು ಹೋಗಿತ್ತು."

ಆಮೇಲಿನ ನಾಲ್ಕು ತಿಂಗಳು ಬೈರಯ್ಯ ಒಬ್ಬರೇ ಕೋಲೂರಿಕೊಂಡು ಬಂದು, ಯಾರಿಗೂ ಗೊತ್ತಾಗದಿರಲೆಂದು ಕೋಲನ್ನು ಗೇಟಿನ ಬಳಿಯೇ ಬಿಡುತ್ತಿದ್ದರು. ಮಧ್ಯಾಹ್ನ ಸೆಲ್ಲಿಗೆ ಕಿವಿಯಿಟ್ಟು, ಗುಳುಗುಳು ಸದ್ದು ಬಂದರೆ ತುಂಬಿದೆ ಎಂದುಕೊಳ್ಳುತ್ತಿದ್ದರು. ನೀರಿನ ಮಟ್ಟವನ್ನು ಬೆರಳು ಅದ್ದಿ ನೋಡುತ್ತಿದ್ದರು. ಆಸಿಡ್ಡಿನಲ್ಲಿ ಬೆರಳು. ವಿಮಲಮ್ಮ ದಿನಾ ಅದಕ್ಕೆ ಮುಲಾಮು ಹಚ್ಚಿ ಕಳಿಸುತ್ತಿದ್ದರಂತೆ.

ನಾನು ಆವತ್ತೇ ಏಕಾಂತಯ್ಯನವರ ಮನೆಗೆ ಹೋಗಿ, ಮಾತು ತಪ್ಪಾಯಿತು, ಅವರನ್ನು ಇಟ್ಟುಕೊಳ್ಳಿ ಎಂದು ಕೇಳಿಕೊಂಡೆ. ಏಕಾಂತಯ್ಯ ಕೆಟ್ಟವರಲ್ಲ. "ನೀವೇ ತಾನೇ ಹೇಳಿದ್ದು, ಆಳು ಬೇಡ ಅಂತ. ಈಗ ಕಣ್ಣು ಕಾಣದೋರನ್ನ ಆಸಿಡ್ ಹತ್ರ ಬಿಡಿ ಅಂತೀರಾ? ನಾಳೆ ಇನ್ನೇನಾದ್ರೂ ಆದ್ರೆ?" ಎಂದರು.

ಹೊಸ ಪೆಟ್ಟಿಗೆ ಕೂತಿತು. ಒಂಬತ್ತನೇ ಸೆಲ್ಲನ್ನು ಬದಲಾಯಿಸಿದೆವು. ರಿಜಿಸ್ಟರುಗಳನ್ನು ವರದಿಗೆಂದು ದೆಹಲಿಗೆ ಕಳಿಸಿದರು.

ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ಸುಂಕದಕಟ್ಟೆಗೆ ಹೋದೆ. ಬೈರಯ್ಯ ತಮ್ಮ ಅಕ್ಕ ರಾಮಕ್ಕನವರ ಮನೆಯಲ್ಲಿದ್ದರು. ಜಗುಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ನಾನು ಯಾರೆಂದು ಹೇಳಿದ ಮೇಲೆ ಕೈ ಒರೆಸಿಕೊಂಡು ಜಾಗ ಮಾಡಿಕೊಟ್ಟರು.

"ನನ್ನಿಂದ ದೊಡ್ಡ ತಪ್ಪಾಯ್ತು" ಎಂದೆ.

"ನೀವು ಸುಳ್ಳೇನು ಹೇಳ್ಲಿಲ್ವಲ್ಲ ಸಾರ್. ನೋಡ್ದೇನೇ ಬರ್ದಿದ್ದು ನಿಜ" ಎಂದರು. ಮೊರವನ್ನು ಪಕ್ಕಕ್ಕೆ ಸರಿಸಿ ಕೇಳಿದರು, "ಆ ರಿಜಿಸ್ಟರು ಒಂದು ಸಿಗುತ್ತಾ? ಅವಳು ಒತ್ತಿ ಬರೀತಿದ್ಲು. ಹಾಳೆ ಹಿಂದೆ ಕೈಯಾಡಿಸಿದ್ರೆ ಗೊತ್ತಾಗುತ್ತೆ."

ದೆಹಲಿಗೆ ಹೋಯಿತೆಂದು ಹೇಳಬೇಕಾಯಿತು. ಅಂಕಿಗಳು ಮಾತ್ರ ನನ್ನ ನೋಟ್‌ಬುಕ್ಕಿನಲ್ಲಿವೆ, ನನ್ನ ಕೈಬರಹದಲ್ಲಿ ಎಂದೆ. ಅದು ಚೀಲದಲ್ಲೇ ಇತ್ತು.

"ಕೊನೇ ದಿನದ್ದು ಇದೆಯಾ?"

"ಇದೆ. ಫೆಬ್ರವರಿ ಹದಿಮೂರು."

"ಓದಿ."

ನಾನು ಓದತೊಡಗಿದೆ. "ಒಂದನೇದು, ಹನ್ನೆರಡು ಮೂವತ್ತೈದು." ಅವರು "ಹ್ಞೂಂ" ಎಂದರು. ಎಂಟರ ತನಕ ಅವರು ಒಂದೊಂದಕ್ಕೂ ಹ್ಞೂಂಗುಟ್ಟಿದರು. ಒಂಬತ್ತನೆಯದನ್ನು ಓದಿದಾಗ ಕೈಯೆತ್ತಿ ತಡೆದರು.

"ಇಲ್ಲಿ ನಿಲ್ಲಿಸಿದ್ಲು" ಎಂದರು. "ತುಂಬಾ ಹೊತ್ತು ಮಾತಾಡ್ಲಿಲ್ಲ. ಯಾಕೆ ಅಂದೆ. ಗಾಜು ಮಸುಕಾಗಿದೆ, ಒರೆಸ್ತಾ ಇದೀನಿ ಅಂದ್ಲು. ಆಮೇಲೆ ಓದಿದ್ಲು, ಯಾವಾಗಿನ ಹಾಗೇ. ದನಿ ಒಂಚೂರೂ ನಡುಗ್ಲಿಲ್ಲ ಸಾರ್." ಅವರ ಮುಖ ರಸ್ತೆಯ ಕಡೆಗಿತ್ತು. "ಅದು ಗಾಜು ಒರೆಸಿದ್ದಲ್ಲ. ನನಗೆ ಕಣ್ಣಿದ್ದಿದ್ರೆ ಅವಳ ಮುಖ ನೋಡ್ತಿದ್ದೆ. ಹೊಟ್ಟೆ ಹಿಡ್ಕೊಂಡಿದ್ದು ಕಾಣ್ತಿತ್ತು. ಕೊಳವೆ ಬಿಸಾಕಿ ಎತ್ಕೊಂಡು ಓಡ್ತಿದ್ದೆ. ಇನ್ನೂ ಮೂರು ಸೆಲ್ ಓದಿಸಿದೆ ನಾನು."

ನಾನು ನೋಟ್‌ಬುಕ್ಕು ಮುಚ್ಚಿದೆ. ಒಳಗಿನಿಂದ ರಾಮಕ್ಕ ಕಾಫಿ ತಂದಿಟ್ಟರು. ಇಬ್ಬರೂ ಮುಟ್ಟಲಿಲ್ಲ.

ಮಾರನೆಯ ದಿನವೇ ದೆಹಲಿಯ ಕಚೇರಿಗೆ ಕಾಗದ ಬರೆದೆ. ಆ ನಾಲ್ಕು ವರ್ಷದ ಅಂಕಿಗಳನ್ನು ಓದಿ ಬರೆದವರು ಅಟೆಂಡರ್ ಬೈರಯ್ಯನವರ ಹೆಂಡತಿ ಅಕ್ಕಯ್ಯಮ್ಮ, ಅಚ್ಚಾಗಲಿರುವ ವರದಿಯ ಪುಸ್ತಕದಲ್ಲಿ ಅವರ ಹೆಸರು ಸೇರಿಸಬೇಕು ಎಂದು. ಹಾಗೆ ಬರೆದಿದ್ದೇನೆಂದು ಮುಂದಿನ ಭಾನುವಾರ ಬೈರಯ್ಯನವರಿಗೂ ಹೇಳಿಬಿಟ್ಟೆ. ಹೇಳಬಾರದಿತ್ತು. ಆಮೇಲೆ ಹೋದಾಗಲೆಲ್ಲ ಅವರು ಕೇಳುತ್ತಿದ್ದದ್ದು ಅದೊಂದನ್ನೇ. "ಪುಸ್ತಕ ಬಂತಾ ಸಾರ್?"

ವರದಿ ಅಚ್ಚಾಗಿ ಬಂದದ್ದು ಎಂಬತ್ತೆಂಟರ ನವೆಂಬರಿನಲ್ಲಿ. ಆ ಯೋಜನೆ ನಡೆದ ದೇಶದ ಹದಿನಾಲ್ಕು ಕಡೆಯ ಪೈಕಿ ಅತ್ಯಂತ ನಂಬಿಕೆಗೆ ಅರ್ಹವಾದ ಅಳತೆಗಳು ಇಲ್ಲಿಯವೇ ಎಂದು ಅದರಲ್ಲಿತ್ತು. ಕೊನೆಯ ಪುಟದಲ್ಲಿ ಕೃತಜ್ಞತೆ: ಏಕಾಂತಯ್ಯ, ನಮ್ಮ ಶೆಡ್ಡಿನ ಮಾಲೀಕರು, ನಾನು. ಮತ್ತೆ ಮತ್ತೆ ತಿರುವಿ ಹಾಕಿದೆ. ಅಕ್ಕಯ್ಯಮ್ಮನ ಹೆಸರು ಎಲ್ಲೂ ಇರಲಿಲ್ಲ.

ಹೋಗದೆ ಇದ್ದುಬಿಡಬಹುದಿತ್ತು. ಆದರೆ ಬೈರಯ್ಯ ಆಗ ಹಾಸಿಗೆ ಹಿಡಿದಿದ್ದರು. ಎದೆಯಲ್ಲಿ ನೀರು ತುಂಬಿತ್ತು. ಪುಸ್ತಕ ಹಿಡಿದುಕೊಂಡೇ ಹೋದೆ. ಹಾಳೆಯ ಸದ್ದು ಕೇಳಿ ಎದ್ದು ಕೂತರು.

"ಇದೆಯಾ?"

"ಇದೆ" ಎಂದೆ.

"ಎಲ್ಲಿ, ತೋರ್ಸಿ" ಎಂದು ಬಲಗೈ ಚಾಚಿದರು. ಆಸಿಡ್ಡು ತಿಂದು ಬೆರಳ ತುದಿಗಳು ನುಣ್ಣಗಾಗಿದ್ದವು. ಆ ಬೆರಳನ್ನು ಹಿಡಿದು ಕೊನೆಯ ಪುಟದಲ್ಲಿ ನನ್ನದೇ ಹೆಸರಿನ ಮೇಲೆ ಇಟ್ಟೆ. ಅಚ್ಚಿನ ಅಕ್ಷರ, ಸಪಾಟಾಗಿತ್ತು. ಅವರು ಅದರ ಮೇಲೆ ಅತ್ತಿಂದಿತ್ತ ಬೆರಳಾಡಿಸಿದರು.

"ಏನಂತ ಹಾಕಿದಾರೆ?"

"ಶ್ರೀಮತಿ ಅಕ್ಕಯ್ಯಮ್ಮ, ಕೆಂಗೇರಿ."

"ಶ್ರೀಮತಿ ಅಂತಾನೂ ಹಾಕಿದಾರಾ" ಎಂದರು. ರಾಮಕ್ಕನನ್ನು ಕರೆದು, ಕಾಫಿ ಮಾಡು, ಸಾರ್ ಬಂದಿದಾರೆ ಎಂದರು. ರಾಮಕ್ಕನಿಗೆ ಓದಲು ಬರುತ್ತಿರಲಿಲ್ಲ.

ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ಬೈರಯ್ಯ ತೀರಿಕೊಂಡರು. ಪುಸ್ತಕವನ್ನು ತಲೆದಿಂಬಿನ ಕೆಳಗೇ ಇಟ್ಟುಕೊಂಡಿದ್ದರೆಂದು ರಾಮಕ್ಕ ಹೇಳಿದರು. ವಾಪಸು ಬೇಕಾ ಎಂದು ಕೇಳಿದರು. ಬೇಡವೆಂದು ಹೇಳಿ, ಮಾಗಡಿ ರಸ್ತೆಗೆ ಬಂದು, ಎರಡು ಬಸ್ಸು ಬಿಟ್ಟು ಮೂರನೆಯದಕ್ಕೆ ಹತ್ತಿದೆ.