ವೀರಗಲ್ಲಿನ ಪಕ್ಕ ಹಿಡಿದ ಕೊಡೆ

ಚನ್ನಪಟ್ಟಣದಿಂದ ಬೆಳಿಗ್ಗೆ ಹೊರಟು ರಾಮನಗರದಲ್ಲಿ ಮಾಗಡಿ ಬಸ್ಸು ಹತ್ತಿದೆ. ಆಧಾರ್ ತೋರಿಸಿದ್ದಕ್ಕೆ ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟರು. ಬ್ಯಾಗಿನಲ್ಲಿ ಪುಸ್ತಕವೊಂದರ ಎರಡನೇ ಮುದ್ರಣದ ಮೊದಲ ಪುಟಗಳಿದ್ದವು. ತಿಪ್ಪಸಂದ್ರದ ಸುತ್ತಿನ ವೀರಗಲ್ಲುಗಳ ಬರಹ ಓದಿ ಅರ್ಥ ಹೇಳಿದ ಪುಸ್ತಕ ಅದು. ನಾನು ಪ್ರೂಫ್ ನೋಡುವ ಪ್ರೆಸ್ಸಿನದು.

ಬರೆದವರು ಎಂದು ಇದ್ದದ್ದು ನಿವೃತ್ತ ಹೆಡ್‌ಮಾಸ್ಟರ್ ನಂಜಪ್ಪನವರ ಹೆಸರು. ಆ ಪುಟಗಳ ಕೊನೆಯಲ್ಲಿ, 'ಜೊತೆಗಿದ್ದು ಸಹಕರಿಸಿದ ನನ್ನ ಶ್ರೀಮತಿಗೆ' ಎಂಬ ಕೃತಜ್ಞತೆ. ಆ ಶ್ರೀಮತಿ, ಕನ್ನಡ ಪಾಠ ಮಾಡುತ್ತಿದ್ದ ಸರೋಜಮ್ಮ, ಹಿಂದಿನ ವಾರ ಫೋನ್ ಮಾಡಿದ್ದರು. "ಆ ಕಲ್ಲು ಓದಿದ್ದು ನಾನು. ಈ ಸಲ ನನ್ನ ಹೆಸರಿಲ್ಲದೆ ಅಚ್ಚು ಮಾಡಬೇಡಿ." ಇಬ್ಬರನ್ನೂ ಕೇಳಿಕೊಂಡು ಬನ್ನಿ ಎಂದು ಮಾಲೀಕರು ನನ್ನನ್ನು ಕಳಿಸಿದ್ದರು.

ಮಾಗಡಿಯಿಂದ ಮುಂದಕ್ಕೆ ಬಸ್ಸಿನ ತುಂಬ ಅವರೆಕಾಯಿ ಚೀಲ, ಸೊಗಡಿನ ವಾಸನೆ. ಆ ದಂಪತಿಯ ಮನೆಯಲ್ಲೂ ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು. ಉಣ್ಣುವಾಗ ಯಾರೂ ಪುಸ್ತಕದ ಮಾತೆತ್ತಲಿಲ್ಲ. ಕೈ ತೊಳೆದ ಮೇಲೆ ಮೇಷ್ಟ್ರೇ, "ಕಲ್ಲು ನೋಡ್ಕಂಡು ಬರೋಣ ನಡೀರಿ" ಎಂದರು.

ಕಲ್ಲು ಇದ್ದದ್ದು ನಿಂಗಮ್ಮ ಎಂಬವರ ಹೊಲದ ಬದುವಿನಲ್ಲಿ. ಆಕೆ ಕಾಯಿ ಬಿಡಿಸುತ್ತಿದ್ದರು.

"ಓ, ಕಲ್ಲೋದೋ ಮೇಡಮ್ನೋರು. ಮತ್ತೆ ಕಾಗ್ದ ಅಂಟ್ಸಕ್ಕೆ ಬಂದ್ರಾ?"

"ನೀವು ನೋಡಿದ್ರಾ?" ಎಂದು ಕೇಳಿದೆ.

"ನೋಡ್ದೆ ಏನವ್ವಾ. ಒದ್ದೆ ಕಾಗ್ದ ಹಾಕಿ ಬ್ರಶ್ನಾಗೆ ಬಡಿಯೋರು, ಆಮೇಕೆ ಮಸಿ ಒತ್ತೋರು. ಒಂದೊಂದೇ ಅಕ್ಷರ ಕೂಡ್ಸಿ ಓದೋರು."

"ಮೇಷ್ಟ್ರು?"

"ಬಿಸ್ಲಿಗೆ ಕಾಗ್ದ ಎದ್ದೋಗ್ಬಾರ್ದು ಅಂತ ಕೊಡೆ ಹಿಡ್ಕಂಡು ನಿಂತಿರೋರು. ಪಾಪ, ಒಸಿನೂ ಅಲ್ಲಾಡ್ತಿರ್ಲಿಲ್ಲ."

ಸರೋಜಮ್ಮ ನಕ್ಕರು. ನಂಜಪ್ಪನವರು ನಗಲಿಲ್ಲ. "ಹೆಡ್‌ಮಾಸ್ಟರ್ ಹೆಸರಿದ್ರೆ ಸ್ಕೂಲುಗಳು ಕೊಳ್ತವೆ ಅಂತ ನಿಮ್ ಪ್ರೆಸ್ನೋರು ಅಂದ್ರು, ಹೂಂ ಅಂದ್ಬುಟ್ಟೆ. ಇವಳೂ ಸುಮ್ನಿದ್ಲು."

"ಎಲ್ಲಿ ಸುಮ್ನಿದ್ದೆ? ವಾರವೆಲ್ಲ ನಿಮ್ಗೆ ಕಾಫಿ ಕೊಟ್ಟಿರ್ಲಿಲ್ಲ."

"ಅದಕ್ಕಾ ಅದು? ಹಾಲು ಒಡೀತೈತೆ ಅಂದ್ಕಂಡಿದ್ದೆ ಕಣೇ."

ಮೇಷ್ಟ್ರು ನನ್ನ ಪೆನ್ನು ಕೇಳಿ ತೆಗೆದುಕೊಂಡು, ಕಲ್ಲಿನ ಮೇಲೆಯೇ ಮೊದಲ ಹಾಳೆ ಇಟ್ಟು ತಮ್ಮ ಹೆಸರು ಹೊಡೆದು ಹೆಂಡತಿಯದನ್ನು ಬರೆದರು. "ನಂದೂ ಎಲ್ಲಾದ್ರೂ ಒಂದ್ಕಡೆ ಇರ್ಲಿ" ಎಂದು ಪೆನ್ನನ್ನು ಆಕೆಗೆ ಕೊಟ್ಟರು. ಸರೋಜಮ್ಮ ಕೃತಜ್ಞತೆಯ ಪುಟ ತೆಗೆದು ಹಳೆಯ ಸಾಲು ಹೊಡೆದು ಹೊಸದು ಬರೆದರು. ಮೇಷ್ಟ್ರು ಬಗ್ಗಿ ಓದಿ, "ಅಲ್ಲಾಡದೆ ಅಂತಲೂ ಸೇರ್ಸು" ಎಂದರು.

ಸಂಜೆಯ ಬಸ್ಸಿನಲ್ಲಿ, ನಿಂಗಮ್ಮ ಕೊಟ್ಟ ಅವರೆಕಾಯಿಯನ್ನು ಕಾಲ ಬಳಿ ಇಟ್ಟುಕೊಂಡು, ತಿದ್ದುವುದೇನಾದರೂ ಇದೆಯೇ ಎಂದು ಆ ಪುಟ ನೋಡಿದೆ. 'ಅಲ್ಲಾಡದೆ ಕೊಡೆ ಹಿಡಿದು ನಿಂತ ನನ್ನ ಯಜಮಾನರಿಗೆ.' ತಿದ್ದುವುದೇನೂ ಇರಲಿಲ್ಲ.