ಸೇದಿಹೋದ ಸಾಕ್ಷಿ

ಈ ಕತೆಯನ್ನು ಚುನಾವಣೆಯ ಭಾಷಣಗಳಲ್ಲಿ ಎಷ್ಟು ಸಲ ಹೇಳಿದ್ದೇನೆಂದರೆ, ಅದರಲ್ಲಿ ನಡೆದದ್ದೆಷ್ಟು, ಮೈಕಿನ ಮುಂದೆ ಬೆಳೆದದ್ದೆಷ್ಟು ಎಂದು ನನಗೇ ಗೊತ್ತಿಲ್ಲ. ಸುಳ್ಯದ ಭಾಷಣದಲ್ಲಿ ಆ ದಿನ ಜಡಿಮಳೆ. ಮರ್ಕಂಜದ ಭಾಷಣದಲ್ಲಿ ಸುಡುಬಿಸಿಲು.

ಎಲ್ಲ ಭಾಷಣಗಳಲ್ಲೂ ಬದಲಾಗದೆ ಉಳಿದದ್ದು ಇಷ್ಟು. ಐವತ್ತರ ದಶಕದ ಕೊನೆ. ನಾನು ಪುತ್ತೂರಿನಲ್ಲಿ ಕಾರ್ಮಿಕರ ಪರ ವಾದಿಸುತ್ತಿದ್ದ ಹೊಸ ವಕೀಲ. ಆಲಂಕಾರಿನ ಒಬ್ಬ ಹೆಂಗಸು ಮನೆಯಲ್ಲಿ ಬೀಡಿ ಕಟ್ಟುತ್ತಿದ್ದಳು. ಅವಳ ಬೀಡಿ ಎರಡು ದಮ್ಮಿಗೆ ಆರಿಹೋಗುತ್ತದೆ ಎಂದು ಗುತ್ತಿಗೆದಾರ ಎಲೆ, ತಂಬಾಕು ಕೊಡುವುದನ್ನೇ ನಿಲ್ಲಿಸಿದ್ದ. ಆ ಮನೆಗೆ ಬೇರೆ ದುಡಿಮೆ ಇರಲಿಲ್ಲ. ಅವನು ಬೇಡವೆಂದು ಎಸೆದ ಬೀಡಿಗಳ ಒಂದು ಕಟ್ಟೇ ನಮ್ಮ ಸಾಕ್ಷಿ. ವಿಚಾರಣೆಯ ದಿನ ಅದನ್ನು ಹಿಡಿದುಕೊಂಡು ಲೇಬರ್ ಆಫೀಸರ ಕಚೇರಿಗೆ ಹೋದೆವು.

ಭಾಷಣದಲ್ಲಿ ಮುಂದಿನದು ಹೀಗೆ: ನಾನು ಎದ್ದು ನಿಂತು, ಕಟ್ಟಿನಿಂದ ಒಂದು ಬೀಡಿ ತೆಗೆದು, ಆಫೀಸರ ಎದುರೇ ಹಚ್ಚಿ, "ಇದು ಆರುತ್ತದೆಯೇ, ನೀವೇ ನೋಡಿ" ಎಂದೆ. ಇಲ್ಲಿಗೆ ಚಪ್ಪಾಳೆ.

ಕಡಬದ ಸಭೆಯಲ್ಲಿ ಚಪ್ಪಾಳೆಗೆ ಮೊದಲೇ ಹೆಂಗಸರ ಸಾಲಿನಿಂದ ಆ ಬೀಡಿ ಕಟ್ಟಿದ ಆಕೆಯೇ ಎದ್ದಳು.

"ಎಂತ ಸುಳ್ಳು ಹೇಳುದು ವಕೀಲರೆ! ನೀವು ಹೊರಗೆ ಜಗಲಿಯಲ್ಲೇ ಕೂತು ಸೇದಿದ್ದಲ್ವಾ? ಒಂದಲ್ಲ, ಮೂರು!"

"ಮೂರಾ?"

"ಹೌದು ಮಾರಾಯ್ರೆ. ಕಾಗದ ಓದ್ತಾ ಓದ್ತಾ ಒಂದರ ಹಿಂದೆ ಒಂದು. ನನ್ನ ಸಾಕ್ಷಿ ಹೋಯ್ತಲ್ಲಾ ಅಂತ ನಾನು ಬೊಬ್ಬೆ ಹಾಕಿದೆ. ಬೊಬ್ಬೆ ಕೇಳಿ ಆಫೀಸರು ಹೊರಗೆ ಬಂದ್ರು. ಮೂರನೆಯದ್ದು ನಿಮ್ಮ ಬೆರಳು ಸುಡುವವರೆಗೆ ಉರಿದಿತ್ತು. ಅದನ್ನು ನೋಡಿಯೇ ಅವರು ನನಗೆ ಎಲೆ ಕೊಡ್ಲಿಕ್ಕೆ ಗುತ್ತಿಗೆದಾರನಿಗೆ ಹೇಳಿದ್ದು. ನಿಮ್ಮ ಲಾ ಪಾಯಿಂಟಿಂದ ಅಲ್ಲ!"

ಸಭೆಗೆ ಸಭೆಯೇ ಬಿದ್ದು ಬಿದ್ದು ನಕ್ಕಿತು. ನನ್ನ ಭಾಷಣ ಕೆಡಿಸಲೆಂದು ಹಿಂದೆ ನಿಂತಿದ್ದ ಎದುರು ಪಕ್ಷದವರು ಕೆಲಸ ಮರೆತು ನಕ್ಕರು. ನಾನೂ ಮೈಕು ಹಿಡಿದುಕೊಂಡು ನಕ್ಕೆ. ನೆನಪಿನಲ್ಲಿ ಆ ಜಗಲಿಯನ್ನು ಹುಡುಕಿದೆ. ಸಿಕ್ಕಿತು, ಆದರೆ ಅವಳು ಹೇಳಿದ ಮೇಲೆ ಸಿಕ್ಕಿದ್ದನ್ನು ಎಷ್ಟು ನಂಬುವುದು?

"ಹಾಗಾದ್ರೆ ನಿಮ್ಮ ವೋಟು?" ಎಂದೆ.

"ಅದು ಉಂಟು. ಆದ್ರೆ ಇನ್ನು ಮೇಲೆ ಕತೆ ಸರಿಯಾಗಿ ಹೇಳಿ. ಆ ಬೀಡಿ ಕಟ್ಟಿದ್ದು ನಾನು."

ಅಂದಿನಿಂದ ಮೂರು ಎಂದೇ ಹೇಳುತ್ತೇನೆ. ಆ ದಿನ ಮಳೆಯೋ ಬಿಸಿಲೋ ಎಂದು ಅವಳನ್ನೇ ಕೇಳಬೇಕಿತ್ತು. ನಗುವಿನ ನಡುವೆ ಮರೆತೆ.