ಆನಿ ಎಳೆದರೂ ಅಲ್ಲಾಡದ ಜೀಪು

ಮಕ್ತಲ್‌ನಲ್ಲಿ ಇಳಿಜಾರು ರಸ್ತೆಯ ಕೆಳತುದಿಗೆ ನಮ್ಮ ಗಾಡಿ ರಿಪೇರಿ ಮಿಸ್ತ್ರಿಯ ತಗಡಿನ ಶೆಡ್ಡು. ಹ್ಯಾಂಡ್ ಬ್ರೇಕ್ ಹಿಡಿಯದ ನನ್ನ ಮುದಿ ಜೀಪನ್ನು ಎಷ್ಟು ಸಲ ಒಯ್ದರೂ ಆ ಮಹರಾಯ ಸವೆದ ಬ್ರೇಕ್ ಲೈನರ್ ಬಿಚ್ಚಿ ನೋಡಿದವನಲ್ಲ. ಕೇಬಲ್ಲನ್ನೇ ಇನ್ನಷ್ಟು ಬಿಗಿದು, ಲಿವರನ್ನು ಕರಕರ ಎಳೆದು, ಮೀಸೆ ಒರೆಸಿಕೊಂಡು ಹೇಳುತ್ತಿದ್ದ: “ಇನ್ನ ಆನಿ ಎಳೆದ್ರೂ ಅಲ್ಲಾಡಂಗಿಲ್ರಿ!” ಹೇಳುತ್ತಲೇ ಕಾಲಿನಿಂದ ಒಂದು ದಪ್ಪ ಕಲ್ಲನ್ನು ಗಾಲಿಯ ಮುಂದಕ್ಕೆ ಸರಿಸುತ್ತಿದ್ದ.

“ಮತ್ತ ಕಲ್ಲು ಯಾಕ ಮಿಸ್ತ್ರಿ?”

“ಇರಲಿ ಬಿಡ್ರಿ, ಅದೇನು ರೊಟ್ಟಿ ಕೇಳತೈತೇನು?”

ಒಂದು ಅಮಾವಾಸ್ಯೆಗೆ ಗದ್ವಾಲಕ್ಕೆ ಹೊರಟಾಗ, ಶೆಡ್ಡಿಗಿಂತ ಮೇಲೆ ಇಳಿಜಾರಿನಲ್ಲಿ ನಿಂತಿದ್ದ ಗಾಡಿಗೆ ಅವನೇ ಪೂಜೆ ಮಾಡುತ್ತೇನೆಂದ. ಮೊಣಕಾಲು ನೋವಿನ ಅವ್ವ ಇಳಿಯಲಾರದೆ ಒಳಗೇ ಕೂತಿದ್ದಳು. ಮಿಸ್ತ್ರಿ ಊದುಬತ್ತಿ ಬೆಳಗಿದ. ಗಾಲಿಗಳ ಮುಂದೆ ನಿಂಬೆಕಾಯಿ ಇಡಲು ಜಾಗ ಬೇಕಲ್ಲ, ಕಲ್ಲನ್ನೆತ್ತಿ ಆಚೆ ಎಸೆದ. ಆ ಜಾಗದಲ್ಲಿ ಭಕ್ತಿಯಿಂದ ನಿಂಬೆಕಾಯಿ ಇಟ್ಟ.

ತೆಂಗಿನಕಾಯಿ ಒಡೆಯುವ ಮೊದಲೇ ಜೀಪು ಹೊರಟಿತು. ನಿಂಬೆಕಾಯಿ ಚಪ್ಪಟೆ ಮಾಡಿ, “ಬೀರಪ್ಪಾ!” ಎಂದು ಮನೆದೇವರನ್ನು ಕೂಗುತ್ತಿದ್ದ ಅವ್ವನನ್ನು ಹೊತ್ತುಕೊಂಡು ಇಳಿಜಾರಿನಲ್ಲಿ ಉರುಳಿ, ಅವನದೇ ಶೆಡ್ಡಿನ ತಗಡಿಗೆ ಗುದ್ದಿ ನಿಂತಿತು.

ಮಿಸ್ತ್ರಿ ಓಡಿಬಂದು ಕೈಮುಗಿದ: “ಭಾಳ ಶುಭ ಐತ್ರಿ ಅವ್ವಾರ, ಗಾಡಿ ನಿಂಬಿಕಾಯಿ ತಾನ ತುಳೀತು!”

ಅವ್ವ ಸೆರಗು ಸರಿಮಾಡಿಕೊಂಡಳು. “ಆನಿ ಯಾಕೋ ಬೇಕು ನಿನ್ನ ಬ್ರೇಕಿಗೆ? ನಿಂಬಿಕಾಯಿ ಸಾಕಾತು.”

ಮತ್ತೊಂದು ಅಮಾವಾಸ್ಯೆಗೆ ಪೂಜೆಗೆಂದು ಶೆಡ್ಡಿಗೆ ಹೋದೆ. ಲೈನರ್ ಅದೇ ಹಳೆಯದು. ಕಲ್ಲು ಮಾತ್ರ ಗಾಲಿಯ ಮುಂದೆಯೇ ಇತ್ತು, ಅರಿಶಿನ ಕುಂಕುಮ ಹಚ್ಚಿಸಿಕೊಂಡು.